ರೋಮಶಾತನವೂ ಮೂಲನಾಶವೂ

ಶರೀರದ ಮೇಲಣ ಬೇಡದ ರೋಮವನ್ನು ತೆಗೆಯುವ ಉಪಾಯಗಳು ಮನುಷ್ಯ ಸಮಾಜದಲ್ಲಿ ಬಹು ಪ್ರಾಚೀನವಾದುವು. ಕ್ಷೌರದ ಕತ್ತಿ, ಚಿಮಟ, ಲೇಪ, ಸೂಜಿ, ಕಿರಣ ಎಂದು ಅವುಗಳ ಸಾಧನಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಆದರೆ ಅವೆಲ್ಲದರ ಚರಿತ್ರೆಯಲ್ಲಿ ಒಂದು ಪ್ರಶ್ನೆ ಮಾತ್ರ ಬದಲಾಗದೆ ನಿಂತಿದೆ: ತೆಗೆದ ರೋಮವು ಪುನಃ ಹುಟ್ಟುವುದೋ, ಹುಟ್ಟದೋ? ಈ ಪ್ರಶ್ನೆಗೆ ಒಂದೊಂದು ಕಾಲವೂ ತನ್ನ ಉತ್ತರವನ್ನು ಕೊಟ್ಟಿದೆ. ಕೆಲವು ಉತ್ತರಗಳಿಗೆ ಜನರು ತಮ್ಮ ಶರೀರವನ್ನೇ ಬೆಲೆಯಾಗಿ ತೆತ್ತಿದ್ದಾರೆ. ಆದುದರಿಂದ ಇದು ಕೇವಲ ಅಲಂಕಾರದ ವಿಷಯವೆಂದು ವಿದ್ವಾಂಸರು ಉಪೇಕ್ಷಿಸತಕ್ಕದ್ದಲ್ಲ. ನಮ್ಮ ಶಾಸ್ತ್ರಗ್ರಂಥಗಳಲ್ಲಿರುವ ವಿಧಿಗಳನ್ನೂ ಕಳೆದ ಒಂದೂವರೆ ಶತಮಾನದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿದ ವಿಧಾನಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ಶಬ್ದವಿಚಾರ

ಮೊದಲು ಶಬ್ದಗಳನ್ನು ವಿಚಾರಿಸುವುದು ಯುಕ್ತ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಈ ಕರ್ಮಕ್ಕೆ ‘ಲೋಮಾಪಹರಣ’ವೆಂದೂ ‘ರೋಮಶಾತನ’ವೆಂದೂ ಹೆಸರುಗಳು ಕಂಡುಬರುತ್ತವೆ. ಅಪಹರಣವೆಂದರೆ ಇದ್ದ ವಸ್ತುವನ್ನು ಇದ್ದೆಡೆಯಿಂದ ಒಯ್ಯುವುದು. ಶಾತನವೆಂಬುದು ‘ಶದ್’ ಧಾತುವಿನ ಪ್ರೇರಣಾರ್ಥಕ ರೂಪದಿಂದ ಬಂದುದು. ಗತಿಯ ಅರ್ಥವಿಲ್ಲದೆಡೆ ಈ ಧಾತುವಿನ ದಕಾರಕ್ಕೆ ತಕಾರವು ಬರುವುದೆಂದು ಪಾಣಿನಿಯು ವಿಧಿಸಿದ್ದಾನೆ. ಹಾಗಾಗಿ ಶಾತನವೆಂದರೆ ಉದುರಿಸುವುದು, ಬೀಳಿಸುವುದು. ಈ ಎರಡು ಶಬ್ದಗಳಲ್ಲಿ ಯಾವುದೂ ‘ಮತ್ತೆ ಹುಟ್ಟದಂತೆ ಮಾಡುವುದು’ ಎಂಬ ಅರ್ಥವನ್ನು ತಾನಾಗಿ ಕೊಡುವುದಿಲ್ಲ. ಎಲೆ ಉದುರಿದ ಮರವು ಸತ್ತ ಮರವಲ್ಲ. ಮೂಲವನ್ನು ಕೆಡಿಸುವ ಕರ್ಮವು ಬೇರೆ. ಅದಕ್ಕೆ ಶಾಸ್ತ್ರಕಾರರು ಬೇರೆ ಶಬ್ದವನ್ನೇ ಬಳಸಿದರೆಂಬುದು ಮುಂದೆ ತಿಳಿದು ಬರುವುದು.

೨. ಸುಶ್ರುತನ ಲೋಮಾಪಹರಣ

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಮೊದಲನೆಯ ಅಧ್ಯಾಯವು ವ್ರಣಗಳನ್ನು ಕುರಿತದ್ದು. ಅಲ್ಲಿ ವ್ರಣಚಿಕಿತ್ಸೆಗೆ ೬೦ ಉಪಕ್ರಮಗಳು ಹೇಳಲ್ಪಟ್ಟಿವೆ. ಲೋಮಾಪಹರಣವು ಅವುಗಳಲ್ಲೊಂದು. ರೋಮ ತುಂಬಿದ ಸ್ಥಳದಲ್ಲಿ ವ್ರಣವು ಚೆನ್ನಾಗಿ ಮಾಯದಿದ್ದರೆ ಕತ್ತಿ, ಕತ್ತರಿ, ಸಂದಂಶ ಎಂಬ ಚಿಮಟ ಇವುಗಳಿಂದ ರೋಮವನ್ನು ತೆಗೆಯಬೇಕೆಂಬುದು ವಿಧಿ. ಅನಂತರ ಲೇಪಗಳು ಬರುತ್ತವೆ. ಶಂಖದ ಪುಡಿ ಎರಡು ಭಾಗ, ಹರಿತಾಳ ಒಂದು ಭಾಗ ಸೇರಿಸಿ ಶುಕ್ತವೆಂಬ ಹುಳಿದ್ರವದಲ್ಲಿ ಅರೆದು ಹಚ್ಚುವುದು ಒಂದು ಯೋಗ. ಗೇರೆಣ್ಣೆಯೊಡನೆ ಕಳ್ಳಿಯ ಹಾಲನ್ನು ಸೇರಿಸುವುದು ಇನ್ನೊಂದು. ಬಾಳೆ ಮೊದಲಾದುವುಗಳ ಬೂದಿಯನ್ನು ಹರಿತಾಳ, ಉಪ್ಪು, ಬನ್ನಿಯ ಬೀಜಗಳೊಡನೆ ತಣ್ಣೀರಿನಲ್ಲಿ ಅರೆಯುವುದು ಮತ್ತೊಂದು. ಹಲ್ಲಿಯ ಬಾಲವನ್ನು ಸುಟ್ಟು ಮಾಡುವ ಯೋಗವೂ ಉಂಟು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಉಪಕ್ರಮಗಳ ಪಟ್ಟಿಯಲ್ಲಿ ಲೋಮಾಪಹರಣದ ಪಕ್ಕದಲ್ಲಿಯೇ ರೋಮಸಂಜನನವು, ಎಂದರೆ ಮಾಯ್ದ ಸ್ಥಳದಲ್ಲಿ ರೋಮವನ್ನು ಮರಳಿ ಹುಟ್ಟಿಸುವ ಕರ್ಮವು, ನಿಂತಿದೆ. ಶಸ್ತ್ರವೈದ್ಯನಿಗೆ ವ್ರಣವು ಮಾಯುವವರೆಗೆ ರೋಮವು ಅಡ್ಡಬಾರದಿದ್ದರೆ ಸಾಕು. ಅನಂತರ ಅದು ಬಂದರೆ ಶುಭವೇ. ಆದುದರಿಂದ ಗ್ರಂಥಕಾರನು ಒಂದು ಲೇಪವನ್ನು ಉತ್ತಮವೆಂದು ಹೊಗಳಿದಾಗ ಅದು ಚೆನ್ನಾಗಿ ಉದುರಿಸುತ್ತದೆಂದು ತಿಳಿಯಬೇಕೇ ಹೊರತು, ಎಂದೆಂದಿಗೂ ಹುಟ್ಟಗೊಡುವುದಿಲ್ಲವೆಂದು ಅರ್ಥಮಾಡಬಾರದು. ಈ ಯೋಗಗಳನ್ನು ಮುಂದೆ ಹಿಡಿದು ‘ಶಾಶ್ವತ ರೋಮನಾಶವು ನಮ್ಮ ಪೂರ್ವಿಕರಿಗೆ ಸಿದ್ಧವಾಗಿತ್ತು’ ಎಂದು ಹೇಳುವವರು ಪ್ರಕರಣವನ್ನು ಬಿಟ್ಟು ಪದವನ್ನು ಹಿಡಿದವರಾಗುತ್ತಾರೆ.

ಎರಡನೆಯದು ಹರಿತಾಳದ ವಿಷಯ. ಕನ್ನಡದಲ್ಲಿ ಅರಿದಾಳವೆನಿಸುವ ಈ ಹಳದಿಯ ಖನಿಜವು ಗಂಧಕವೂ ಆರ್ಸೆನಿಕ್ ಎಂಬ ಧಾತುವೂ ಕೂಡಿದ ವಸ್ತು. ಸುಣ್ಣವೂ ನೀರೂ ಅರಿದಾಳವೂ ಕೂಡಿದಾಗ ಹುಟ್ಟುವ ಗಂಧಕದ ಕ್ಷಾರವು ರೋಮದ ಸತ್ತ್ವವನ್ನು ಬಿಗಿದಿರುವ ಗಂಧಕದ ಬಂಧಗಳನ್ನು ಸಡಿಲಿಸಿ ಅದನ್ನು ಮೆತ್ತಗಾಗಿಸುತ್ತದೆ. ಶಂಖವನ್ನು ಸುಟ್ಟರೆ ದೊರೆಯುವುದೂ ಸುಣ್ಣವೇ. ಪಶ್ಚಿಮ ಏಷ್ಯದ ಸ್ನಾನಗೃಹಗಳಲ್ಲಿ ಅರಬ್ಬರು ‘ನೂರಾ’ ಎಂದೂ ತುರ್ಕರು ‘ರುಸ್ಮಾ’ ಎಂದೂ ಕರೆದು ಬಳಸುತ್ತಿದ್ದ ಲೇಪವೂ ಸುಣ್ಣ ಅರಿದಾಳಗಳ ಮಿಶ್ರಣವೇ ಆಗಿತ್ತು. ಆದರೆ ಅದೇ ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಸ್ಥಾವರ ವಿಷಗಳನ್ನು ಎಣಿಸುವಾಗ ಧಾತುವಿಷಗಳು ಎರಡೆಂದು ಹೇಳಿ, ಅವುಗಳಲ್ಲೊಂದಾಗಿ ಹರಿತಾಳವನ್ನು ಹೆಸರಿಸಿದೆ. ಚಿಕಿತ್ಸಾಸ್ಥಾನದಲ್ಲಿ ಔಷಧವಾದುದು ಕಲ್ಪಸ್ಥಾನದಲ್ಲಿ ವಿಷವಾಗಿದೆ. ಇದು ವಿರೋಧವಲ್ಲ, ವಿವೇಕ. ರೋಮವನ್ನು ಕರಗಿಸಬಲ್ಲುದು ಚರ್ಮವನ್ನೂ ನೋಯಿಸಬಲ್ಲುದೆಂಬ ಅರಿವು ಗ್ರಂಥದೊಳಗೇ ಇದೆ.

ಕಾಮಶಾಸ್ತ್ರದ ಗ್ರಂಥಗಳಿಗೆ ಬಂದರೆ, ಕಲ್ಯಾಣಮಲ್ಲನ ಅನಂಗರಂಗವೇ ಮೊದಲಾದುವುಗಳಲ್ಲಿ ಲೋಮಶಾತನವು ವ್ರಣವನ್ನು ಬಿಟ್ಟು ಸೌಂದರ್ಯದ ಅಂಗವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅರಿದಾಳದ ಸ್ಥಾನವನ್ನು ಥಯೋಗ್ಲೈಕೊಲಿಕ್ ಆಮ್ಲದ ಲವಣಗಳು ಆಕ್ರಮಿಸಿದುವು. ಅಂಗಡಿಗಳಲ್ಲಿ ದೊರೆಯುವ ಇಂದಿನ ಲೇಪಗಳಲ್ಲಿ ಬಹುಪಾಲು ಈ ಬಗೆಯವು. ವಿಷವು ಹೋಯಿತು, ತತ್ತ್ವವು ಮಾತ್ರ ಉಳಿಯಿತು. ಚರ್ಮದ ಮೇಲಣ ರೋಮವು ಕರಗುತ್ತದೆ, ಒಳಗಣ ಮೂಲವು ಉಳಿಯುತ್ತದೆ, ಕೆಲವು ದಿನಗಳಲ್ಲಿ ರೋಮವು ಮರಳಿ ಕಾಣಿಸುತ್ತದೆ.

೩. ಕೇಶಲೋಚದ ಸಾಕ್ಷ್ಯ

ಕರಗಿಸುವ ಬದಲು ಬುಡಸಹಿತ ಕಿತ್ತರೆ ಏನಾಗುವುದು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಶತಮಾನಗಳ ಅನುಭವವು ಉತ್ತರವನ್ನು ಕೊಟ್ಟಿದೆ. ದಿಗಂಬರ ಮುನಿಗಳ ೨೮ ಮೂಲಗುಣಗಳಲ್ಲಿ ಲೋಚವು ಒಂದು. ತಲೆ, ಗಡ್ಡ, ಮೀಸೆಗಳ ಕೂದಲನ್ನು ಕತ್ತಿ ಮುಟ್ಟಿಸದೆ ಕೈಯಿಂದಲೇ ಕಿತ್ತು ತೆಗೆಯುವುದು ಅದರ ಕ್ರಮ. ವಟ್ಟಕೇರನ ಮೂಲಾಚಾರವು ಎರಡು ತಿಂಗಳಿಗೊಮ್ಮೆ ಮಾಡುವ ಲೋಚವನ್ನು ಉತ್ತಮವೆಂದೂ, ಮೂರು ತಿಂಗಳಿನದನ್ನು ಮಧ್ಯಮವೆಂದೂ, ನಾಲ್ಕು ತಿಂಗಳಿನದನ್ನು ಜಘನ್ಯವೆಂದೂ ವಿಭಾಗಿಸಿದೆ. ಶ್ರವಣಬೆಳಗೊಳವೇ ಮೊದಲಾದ ಕರ್ನಾಟಕದ ಕ್ಷೇತ್ರಗಳಲ್ಲಿ ಈ ವ್ರತವು ಇಂದಿಗೂ ನಡೆದು ಬರುತ್ತಿದೆ. ಇದಕ್ಕೂ ಸೌಂದರ್ಯಕ್ಕೂ ಯಾವ ಸಂಬಂಧವೂ ಇಲ್ಲ; ದೇಹಮಮತೆಯ ತ್ಯಾಗವೂ ಪರಾವಲಂಬನವಿಲ್ಲದಿರುವುದೂ ಇದರ ಗುರಿ. ಆದರೂ ಪ್ರಕೃತ ವಿಚಾರಕ್ಕೆ ಇದು ಬಲವಾದ ಸಾಕ್ಷ್ಯವಾಗಿದೆ. ಆಜೀವ ಪರ್ಯಂತ ಕಿತ್ತರೂ ಕೂದಲು ಬರುತ್ತಲೇ ಇರುವುದರಿಂದಲೇ ವ್ರತಕ್ಕೆ ತಿಂಗಳುಗಳ ಅವಧಿಯನ್ನು ಗೊತ್ತುಪಡಿಸಬೇಕಾಯಿತು.

ಕಿತ್ತ ಕೂದಲು ಏಕೆ ಬರುತ್ತದೆ? ಕೈಗೆ ಬರುವ ಬುಡವು ಕೂದಲಿನ ನಿಜವಾದ ಮೂಲವಲ್ಲ. ಚರ್ಮದೊಳಗಣ ರೋಮಕೂಪದ ತಳದಲ್ಲಿ ಕೂದಲನ್ನು ಬೆಳೆಸುವ ಅಂಗಾಂಶವೊಂದಿದೆ. ಅದರ ಮೇಲೆ, ಕೂಪದ ಪಕ್ಕದಲ್ಲಿ ಉಬ್ಬಿದ ಭಾಗದಲ್ಲಿ, ಕೂಪವನ್ನೇ ಹೊಸದಾಗಿ ಕಟ್ಟಬಲ್ಲ ಮೂಲಕೋಶಗಳಿವೆ. ಈ ಉಬ್ಬಿನಲ್ಲಿ ಮೂಲಕೋಶಗಳಿರುವುದನ್ನು ೧೯೯೦ರಲ್ಲಿ ಕೊಟ್ಸಾರೆಲಿಸ್, ಸುನ್, ಲಾವ್‌ಕರ್ ಎಂಬ ಸಂಶೋಧಕರು ತೋರಿಸಿದರು. ಇವೆರಡೂ ಉಳಿದಿರುವವರೆಗೆ, ಬೇರು ಉಳಿದ ಗರಿಕೆಯಂತೆ, ರೋಮವು ಮರಳಿ ಚಿಗುರುವುದು ಸಹಜ.

೪. ನೇತ್ರಚಿಕಿತ್ಸೆಯಲ್ಲಿ ಮೂಲದಾಹ

ರೋಮವು ಮರಳಿ ಬರಲೇಬಾರದೆಂಬ ಅಗತ್ಯವು ಶಾಸ್ತ್ರದಲ್ಲಿ ಒಂದು ಕಡೆ ಮಾತ್ರ ತೀವ್ರವಾಗಿ ಎದುರಾಗುತ್ತದೆ. ಅದು ಮುಖವಲ್ಲ, ಕಣ್ಣು. ಎವೆಗಳು ಒಳಮುಖವಾಗಿ ಹೊರಳಿ ಕಣ್ಣಿನ ಗುಡ್ಡೆಯನ್ನು ಉಜ್ಜುವ ರೋಗಕ್ಕೆ ಸುಶ್ರುತನು ಪಕ್ಷ್ಮಕೋಪವೆಂದೂ ವಾಗ್ಭಟನು ಪಕ್ಷ್ಮೋಪರೋಧವೆಂದೂ ಹೆಸರಿಟ್ಟಿದ್ದಾರೆ. ಇದನ್ನು ಉಪೇಕ್ಷಿಸಿದರೆ ದೃಷ್ಟಿಯೇ ಹೋಗುವುದು. ಇಲ್ಲಿ ಉದುರಿಸಿದರೆ ಸಾಲದು. ಮತ್ತೆ ಬೆಳೆದ ಎವೆಯು ಮತ್ತೆ ಚುಚ್ಚುವುದು.

ಸುಶ್ರುತನು ಉತ್ತರತಂತ್ರದಲ್ಲಿ ಇದಕ್ಕೆ ಮೊದಲು ಶಸ್ತ್ರಕರ್ಮವನ್ನು ಹೇಳುತ್ತಾನೆ. ಹುಬ್ಬಿಗೂ ಎವೆಗೂ ನಡುವಣ ರೆಪ್ಪೆಯ ಚರ್ಮವನ್ನು ಯವದ ಆಕಾರದಲ್ಲಿ ಕತ್ತರಿಸಿ ತೆಗೆದು ಕೂದಲಿನಿಂದ ಹೊಲಿಯಬೇಕು. ಚರ್ಮವು ಎಳೆದುಕೊಂಡಾಗ ಎವೆಯು ಹೊರಮುಖವಾಗುವುದು. ಅದರಿಂದ ಶಮನವಾಗದಿದ್ದರೆ ರೆಪ್ಪೆಯನ್ನು ಮಗುಚಿ, ಕೆಟ್ಟ ಸಾಲನ್ನು ಅಗ್ನಿಯಿಂದಾಗಲಿ ಕ್ಷಾರದಿಂದಾಗಲಿ ಸುಡಬೇಕು. ಇಲ್ಲವೆ ಮೂರು ಬಡಿಶಗಳಿಂದ, ಎಂದರೆ ಕೊಕ್ಕೆಗಳಿಂದ, ಹಿಡಿದು ಆ ಸಾಲನ್ನೇ ಕತ್ತರಿಸಬೇಕು. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಇನ್ನೂ ಸೂಕ್ಷ್ಮವಾದ ವಿಧಿಯನ್ನು ಕೊಡುತ್ತಾನೆ. ಹೆಚ್ಚಾಗಿ ಬೆಳೆದ ಎವೆಯನ್ನು ಸಂದಂಶದಿಂದ ಕಿತ್ತು, ಬೆಂಕಿಯ ಬಣ್ಣಕ್ಕೆ ಕಾಯಿಸಿದ ಸೂಜಿಯ ಮೊನೆಯಿಂದ ಅದರ ‘ಆಶ್ರಯ’ವನ್ನು ಸುಡಬೇಕೆಂಬುದು ಆ ವಿಧಿಯ ತಾತ್ಪರ್ಯ.

ಇಲ್ಲಿ ‘ಆಶ್ರಯ’ ಎಂಬ ಶಬ್ದವು ಮುಖ್ಯವಾದುದು. ರೋಮವು ಬೇರೆ, ಅದು ನಿಂತಿರುವ ನೆಲೆ ಬೇರೆ. ರೋಮವನ್ನು ತೆಗೆಯುವುದು ಒಂದು ಕರ್ಮ, ನೆಲೆಯನ್ನು ಸುಡುವುದು ಇನ್ನೊಂದು ಕರ್ಮ. ಶಾತನಕ್ಕೂ ಮೂಲನಾಶಕ್ಕೂ ಇರುವ ಭೇದವನ್ನು ವಾಗ್ಭಟನ ವಿಧಿಯು ಸ್ಪಷ್ಟವಾಗಿ ನಿರೂಪಿಸಿದೆ. ಆದರೆ ಇದನ್ನು ಭಾರತೀಯರೊಬ್ಬರದೇ ಸ್ವತ್ತೆಂದು ಹೇಳುವುದೂ ಸತ್ಯಕ್ಕೆ ದೂರ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಗ್ರಂಥಕಾರನಾದ ಸೆಲ್ಸಸನು ಕೂಡ, ಕಣ್ಣನ್ನು ಚುಚ್ಚುವ ಎವೆಗಳ ಬೇರುಗಳನ್ನು ಕಾಯಿಸಿದ ಸಣ್ಣ ಕಬ್ಬಿಣದ ಸೂಜಿಯಿಂದ ಸುಡುವ ಕ್ರಮವನ್ನು ಬರೆದಿದ್ದಾನೆ. ದೂರದ ಎರಡು ದೇಶಗಳ ವೈದ್ಯರು ಒಂದೇ ರೋಗದ ಎದುರಿನಲ್ಲಿ ಒಂದೇ ನಿರ್ಣಯಕ್ಕೆ ಬಂದಿರುವುದು ಆ ನಿರ್ಣಯದ ಬಲವನ್ನೇ ತೋರಿಸುತ್ತದೆ.

೫. ವಿದ್ಯುತ್ತಿನ ಸೂಜಿ

ಆಧುನಿಕ ಕಾಲದ ಮೂಲನಾಶ ವಿಧಾನವು ಹುಟ್ಟಿದುದೂ ಕಣ್ಣಿನಿಂದಲೇ ಎಂಬುದು ಈ ಚರಿತ್ರೆಯ ಗಮನಾರ್ಹವಾದ ಅಂಶ. ಅಮೆರಿಕದ ಸೇಂಟ್ ಲೂಯಿಸ್ ನಗರದ ನೇತ್ರವೈದ್ಯ ಚಾರ್ಲ್ಸ್ ಮಿಶೆಲ್ ಎಂಬವರು ಒಳಹೊರಳಿದ ಎವೆಗಳ ಮೂಲಕ್ಕೆ ಸಣ್ಣ ಸೂಜಿಯನ್ನು ಇಳಿಸಿ ವಿದ್ಯುತ್ತನ್ನು ಹರಿಸುವ ಚಿಕಿತ್ಸೆಯನ್ನು ೧೮೭೫ರಲ್ಲಿ ಪ್ರಕಟಿಸಿದರು. ಸ್ವಲ್ಪ ಕಾಲದಲ್ಲಿಯೇ ಅದೇ ನಗರದ ಚರ್ಮವೈದ್ಯ ಹಾರ್ಡವೇ ಅವರು ಅದನ್ನು ಮುಖದ ರೋಮಕ್ಕೆ ಅನ್ವಯಿಸಿದರು. ವಿದ್ಯುದ್ವಿಶ್ಲೇಷಣವೆಂದು ಇದರ ಹೆಸರು. ಸೂಜಿಯು ಋಣಧ್ರುವವಾಗಿರುವಾಗ ಅಂಗಾಂಶದ ನೀರು ಮತ್ತು ಉಪ್ಪುಗಳಿಂದ ತೀಕ್ಷ್ಣವಾದ ಕ್ಷಾರವು ಅಲ್ಲಿಯೇ ಹುಟ್ಟಿ ಕೂಪದ ಮೂಲವನ್ನು ಕೆಡಿಸುತ್ತದೆ. ಸುಶ್ರುತನು ಅಗ್ನಿ, ಕ್ಷಾರ ಎಂದು ಎರಡು ದಾಹಕಗಳನ್ನು ಹೇಳಿದ್ದನಷ್ಟೆ. ಇದು ವಿದ್ಯುತ್ತಿನಿಂದ ಹುಟ್ಟಿಸಿದ ಕ್ಷಾರ. ೧೯೨೪ರಲ್ಲಿ ಫ್ರಾನ್ಸಿನ ಬೋರ್ದಿಯೇ ಎಂಬವರು ಅಧಿಕ ಆವೃತ್ತಿಯ ವಿದ್ಯುತ್ತಿನಿಂದ ಸೂಜಿಯ ಸುತ್ತ ಶಾಖವನ್ನುಂಟುಮಾಡುವ ವಿಧಾನವನ್ನು ಪ್ರಚುರಪಡಿಸಿದರು. ಇದು ಅಗ್ನಿಯ ಮಾರ್ಗ. ೧೯೪೮ರಲ್ಲಿ ಹಿಂಕಲ್ ಮತ್ತು ಸೇಂಟ್ ಪಿಯೇರ್ ಎಂಬವರು ಎರಡನ್ನೂ ಒಂದೇ ಸೂಜಿಯಲ್ಲಿ ಕೂಡಿಸುವ ಯಂತ್ರಕ್ಕೆ ಪೇಟೆಂಟು ಪಡೆದರು. ಪೂರ್ವಾಪರ ಸಂಪ್ರದಾಯ ಸಂಬಂಧವಿದೆಯೆಂದು ಇದರಿಂದ ಸಾಧಿಸಲು ಬಾರದು. ತತ್ತ್ವಸಾಮ್ಯವಿದೆಯೆಂದು ಮಾತ್ರ ಹೇಳಬಹುದು.

ಈ ವಿಧಾನದ ಗುಣವು ಸ್ಪಷ್ಟ. ರೋಮವು ಕಪ್ಪಾಗಿರಲಿ, ಬಿಳಿಯಾಗಿರಲಿ, ಚರ್ಮದ ಬಣ್ಣವು ಯಾವುದೇ ಆಗಿರಲಿ, ಸೂಜಿಯು ಆಶ್ರಯವನ್ನು ಮುಟ್ಟಿದರೆ ಮೂಲವು ಸಾಯುತ್ತದೆ. ದೋಷವೂ ಅಷ್ಟೇ ಸ್ಪಷ್ಟ. ಒಂದೊಂದು ರೋಮಕ್ಕೂ ಒಂದೊಂದು ಸಲ ಸೂಜಿ ಇಳಿಯಬೇಕು. ಕಾಲವು ಹೆಚ್ಚು, ನೋವು ಉಂಟು, ಕುಶಲವಲ್ಲದ ಕೈಯಲ್ಲಿ ಕಲೆಗಳು ಉಳಿಯುತ್ತವೆ. ವಿಸ್ತಾರವಾದ ಅಂಗಕ್ಕೆ ಇದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಕೆಲಸ.

೬. ಅವಸರದ ಫಲ

ಈ ನಿಧಾನವನ್ನು ತಾಳದ ಕಾಲವು ಬೇರೆ ದಾರಿಗಳನ್ನು ಹುಡುಕಿತು. ೧೮೯೫ರಲ್ಲಿ ರಾಂಟ್‌ಜನ್ನರು ಕ್ಷ-ಕಿರಣವನ್ನು ಕಂಡುಹಿಡಿದರು. ಮರುವರ್ಷವೇ ಅಮೆರಿಕದ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ತಲೆಗೆ ಕಿರಣ ತಾಗಿಸಿಕೊಂಡವರೊಬ್ಬರ ಕೂದಲು ೨೧ ದಿನಗಳ ಅನಂತರ ಉದುರಿದುದನ್ನು ಡೇನಿಯಲ್ ಎಂಬ ಪ್ರಾಧ್ಯಾಪಕರು ವರದಿಮಾಡಿದರು. ಅದೇ ೧೮೯೬ರಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಎಂಬ ವೈದ್ಯರು ಬೆನ್ನಿನ ಮೇಲೆ ರೋಮದ ಮಚ್ಚೆಯಿದ್ದ ಬಾಲಿಕೆಯೊಬ್ಬಳಿಗೆ ಈ ಕಿರಣದಿಂದ ಚಿಕಿತ್ಸೆ ಮಾಡಿದರು. ರೋಮವು ಉದುರಿತು; ಆದರೆ ಆ ಸ್ಥಳದಲ್ಲಿ ಹುಣ್ಣೂ ಬಂದಿತು. ಸುಮಾರು ೭೦ ವರ್ಷಗಳ ಅನಂತರವೂ ಆಕೆಯ ಚರ್ಮದ ಮೇಲೆ ಕಲೆಗಳು ಉಳಿದಿದ್ದುವೆಂದು ವೈದ್ಯಸಾಹಿತ್ಯದಲ್ಲಿ ದಾಖಲಾಗಿದೆ.

ಈ ಎಚ್ಚರಿಕೆಯು ಸಾಲದಾಯಿತು. ೧೯೨೦ರ ದಶಕದಲ್ಲಿ ನ್ಯೂಯಾರ್ಕಿನ ಗೈಸರ್ ಎಂಬ ವೈದ್ಯರು ಮುಖದ ರೋಮವನ್ನು ತೆಗೆಯುವ ಕ್ಷ-ಕಿರಣ ಯಂತ್ರವೊಂದನ್ನು ರಚಿಸಿ, ಅದಕ್ಕೆ ‘ಟ್ರೈಕೊ’ ಎಂಬ ಹೆಸರಿಟ್ಟರು. ವೈದ್ಯರಲ್ಲದವರು ನಡೆಸುವ ಸೌಂದರ್ಯಗೃಹಗಳಲ್ಲಿ ಅದು ಹರಡಿತು. ನೋವಿಲ್ಲ, ಸೂಜಿಯಿಲ್ಲ, ಎಣಿಸಿದ ಕೆಲವು ಸಲ ಪೆಟ್ಟಿಗೆಯ ಮುಂದೆ ಕುಳಿತರೆ ಸಾಕು. ರೋಮವು ಹೋದುದೂ ನಿಜ. ಆದರೆ ವರ್ಷಗಳು ಕಳೆದಂತೆ ಆ ಸ್ತ್ರೀಯರ ಕೆನ್ನೆ ಗಲ್ಲಗಳ ಚರ್ಮವು ಸುಕ್ಕಿ ಗಟ್ಟಿಯಾಯಿತು, ಹುಣ್ಣಾಯಿತು; ಅನೇಕರಿಗೆ ಅರ್ಬುದರೋಗವು ಬಂದಿತು. ೧೯೨೯ರ ಹೊತ್ತಿಗೆ ಅಮೆರಿಕದ ವೈದ್ಯಸಂಘವು ಇದನ್ನು ಖಂಡಿಸಿತ್ತು. ೧೯೪೭ರಲ್ಲಿ ಚಿಪೊಲ್ಲಾರೊ ಮತ್ತು ಐನ್‌ಹಾರ್ನ್ ಎಂಬ ವೈದ್ಯರು ರೋಮಾಧಿಕ್ಯಕ್ಕೆ ಕ್ಷ-ಕಿರಣವು ಅಪಾಯಕರವೆಂದು ಆ ಸಂಘದ ಪತ್ರಿಕೆಯಲ್ಲಿಯೇ ಬರೆದರು.

ಇದೇ ಕಾಲದಲ್ಲಿ ಥ್ಯಾಲಿಯಂ ಎಂಬ ಲೋಹದ ಲವಣವಿದ್ದ ‘ಕೊರೆಮ್ಲು’ ಎಂಬ ಲೇಪವು ೧೯೩೦ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಥ್ಯಾಲಿಯಂ ರೋಮವನ್ನು ಉದುರಿಸುವುದು ದೇಹದೊಳಗೆ ಸೇರಿ ವಿಷವಾಗುವುದರಿಂದಲೇ. ಹಚ್ಚಿಕೊಂಡವರಲ್ಲಿ ಹಲವರಿಗೆ ನರಗಳು ಕೆಟ್ಟುವು, ಕಾಲುಗಳು ಸೋತುವು. ಕಾಂತಿವರ್ಧಕಗಳನ್ನೂ ಕಾನೂನಿನ ಹಿಡಿತಕ್ಕೆ ತಂದ ಅಮೆರಿಕದ ೧೯೩೮ರ ಶಾಸನಕ್ಕೆ ದಾರಿ ಮಾಡಿದ ದುರಂತಗಳಲ್ಲಿ ಇದೂ ಒಂದು.

ಈ ಎರಡು ಪ್ರಸಂಗಗಳಿಂದ ತಿಳಿಯತಕ್ಕದ್ದೇನೆಂದರೆ, ದೀರ್ಘಫಲವೊಂದೇ ಚಿಕಿತ್ಸೆಯ ಹಿರಿಮೆಗೆ ಅಳತೆಯಾಗಲಾರದು. ಕ್ಷ-ಕಿರಣವು ರೋಮದ ಆಶ್ರಯವನ್ನು ಕೆಡಿಸಿತು. ಅದರೊಡನೆ ಆಶ್ರಯದ ಆಶ್ರಯವಾದ ಚರ್ಮವನ್ನೂ ಕೆಡಿಸಿತು. ಸೂಜಿಯ ಮೊನೆಯು ಒಂದು ಬಿಂದುವಿನಲ್ಲಿ ನಿಲ್ಲುತ್ತಿತ್ತು. ಕಿರಣಕ್ಕೆ ಆ ವಿವೇಕವಿರಲಿಲ್ಲ.

೭. ಆರಿಸಿ ಸುಡುವ ಬೆಳಕು

ಇಂದು ಪ್ರಚಾರದಲ್ಲಿರುವ ಲೇಸರ್ ಚಿಕಿತ್ಸೆಯು ಈ ವಿವೇಕವನ್ನು ಬೆಳಕಿಗೆ ಕೊಡುವ ಯತ್ನವಾಗಿದೆ. ಮೊದಲನೆಯ ಲೇಸರ್ ಯಂತ್ರವನ್ನು ೧೯೬೦ರಲ್ಲಿ ಮೈಮನ್ ಎಂಬವರು ಮಾಣಿಕ್ಯದ ಹರಳಿನಿಂದ ರಚಿಸಿದರು. ೧೯೮೩ರಲ್ಲಿ ಆಂಡರ್‌ಸನ್ ಮತ್ತು ಪ್ಯಾರಿಶ್ ಎಂಬವರು ಒಂದು ತತ್ತ್ವವನ್ನು ಪ್ರತಿಪಾದಿಸಿದರು: ಒಂದು ಬಣ್ಣದ ವಸ್ತುವು ಮಾತ್ರ ಹೀರಿಕೊಳ್ಳುವ ಬೆಳಕನ್ನು ಆರಿಸಿ, ಶಾಖವು ಸುತ್ತಲೂ ಹರಡುವುದಕ್ಕೆ ಮುಂಚೆಯೇ ಅದನ್ನು ನಿಲ್ಲಿಸಿದರೆ, ಗುರಿಯು ಮಾತ್ರ ಸುಟ್ಟು ನೆರೆಯು ಉಳಿಯುವುದು. ರೋಮದಲ್ಲಿ ಆ ಬಣ್ಣದ ವಸ್ತುವು ಮೆಲನಿನ್ ಎಂಬ ಕರಿವರ್ಣ. ಇದಕ್ಕಾಗಿ ಮಾಣಿಕ್ಯದ ೬೯೪, ಅಲೆಕ್ಸಾಂಡ್ರೈಟಿನ ೭೫೫, ಡಯೋಡಿನ ಸುಮಾರು ೮೧೦, ಎನ್‌ಡಿ-ಯಾಗ್ ಎಂಬುದರ ೧೦೬೪ ನ್ಯಾನೋಮೀಟರ್ ತರಂಗಗಳು ಬಳಕೆಗೆ ಬಂದುವು. ೧೯೯೫ರಿಂದ ಮೊದಲುಗೊಂಡು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂಥ ಯಂತ್ರಗಳಿಗೆ ಅನುಮತಿ ಕೊಡುತ್ತ ಬಂದಿದೆ.

ವಿಸ್ತಾರವಾದ ಅಂಗವನ್ನು ಅಲ್ಪಕಾಲದಲ್ಲಿ ಮುಗಿಸುವುದು ಇದರ ಗುಣ. ಮಿತಿಗಳು ಮೂರು. ಬಿಳಿಯ ರೋಮದಲ್ಲಿ ಕರಿವರ್ಣವಿಲ್ಲದುದರಿಂದ ಅಲ್ಲಿ ಈ ಬೆಳಕು ನಿಷ್ಫಲ. ಚರ್ಮವೂ ಕಪ್ಪಾಗಿದ್ದರೆ ಬೆಳಕನ್ನು ಚರ್ಮವೇ ಹೀರಿಕೊಂಡು ಸುಡಬಹುದು; ಭಾರತೀಯರಲ್ಲಿ ಬಹುಜನರ ಚರ್ಮಕ್ಕೆ ದೀರ್ಘತರಂಗದ ಎನ್‌ಡಿ-ಯಾಗ್ ಹೆಚ್ಚು ಕ್ಷೇಮಕರವೆಂಬುದಕ್ಕೆ ಇದೇ ಕಾರಣ. ಮೂರನೆಯದಾಗಿ, ರೋಮಕ್ಕೆ ಬೆಳೆಯುವ ಕಾಲ, ಸೊರಗುವ ಕಾಲ, ವಿಶ್ರಮಿಸುವ ಕಾಲ ಎಂದು ಮೂರು ಅವಸ್ಥೆಗಳಿದ್ದು, ಬೆಳೆಯುತ್ತಿರುವ ರೋಮಕ್ಕೆ ಮಾತ್ರ ಬೆಳಕು ಚೆನ್ನಾಗಿ ತಾಗುತ್ತದೆ. ಹಾಗಾಗಿ ವಾರಗಳ ಅಂತರದಲ್ಲಿ ಹಲವು ಸಲ ಮಾಡಬೇಕಾಗುವುದು. ಕೆಲವರಲ್ಲಿ, ವಿಶೇಷವಾಗಿ ಮುಖದಲ್ಲಿ, ಈ ಚಿಕಿತ್ಸೆಯ ಅನಂತರ ರೋಮವು ಹೆಚ್ಚಿದುದೂ ವರದಿಯಾಗಿದೆ. ಶರೀರದೊಳಗಣ ರಸಸ್ರಾವಗಳ ವೈಷಮ್ಯದಿಂದ ರೋಮವು ಬೆಳೆಯುತ್ತಿದ್ದರೆ, ಯಾವ ಸೂಜಿಯೂ ಯಾವ ಬೆಳಕೂ ಹೊಸದಾಗಿ ದಪ್ಪವಾಗುವ ರೋಮವನ್ನು ಮುಂಚಿತವಾಗಿ ತಡೆಯಲಾರದು. ಅಲ್ಲಿ ಕಾರಣಕ್ಕೇ ಚಿಕಿತ್ಸೆ ಬೇಕು.

೮. ತಾರತಮ್ಯ ನಿರ್ಣಯ

ಅಮೆರಿಕದ ಆ ಆಡಳಿತವು ಲೇಸರಿಗೆ ಅಂಗೀಕರಿಸಿದ ಶಬ್ದವು ‘ರೋಮದ ಶಾಶ್ವತ ನಿರ್ಮೂಲನ’ವಲ್ಲ, ‘ರೋಮದ ಶಾಶ್ವತ ನ್ಯೂನತೆ’. ಚಿಕಿತ್ಸೆಯ ಅನಂತರ ಮರಳಿ ಬರುವ ರೋಮಗಳ ಸಂಖ್ಯೆಯು ಕಡಮೆಯಾಗಿ, ಆ ಕಡಮೆಯು ರೋಮದ ಒಂದು ಪೂರ್ಣ ಆವರ್ತಕ್ಕಿಂತ ಹೆಚ್ಚು ಕಾಲ, ಎಂದರೆ ಅಂಗಭೇದದಿಂದ ೪ರಿಂದ ೧೨ ತಿಂಗಳುಗಳಿಗೂ ಮೀರಿ, ಸ್ಥಿರವಾಗಿದ್ದರೆ ಈ ಶಬ್ದವು ಸಲ್ಲುವುದು. ಎಲ್ಲ ರೋಮವೂ ಹೋಯಿತೆಂದು ಇದರ ಅರ್ಥವಲ್ಲ. ಜಾಹೀರಾತುಗಳು ವಿಶೇಷಣವನ್ನು ಉಳಿಸಿಕೊಂಡು ವಿಶೇಷ್ಯವನ್ನು ಬಿಟ್ಟುಬಿಡುತ್ತವೆ. ‘ಶಾಶ್ವತ’ವೆಂಬುದನ್ನು ಕೇಳಿದವರು ‘ನ್ಯೂನತೆ’ಯನ್ನು ಕೇಳುವುದೇ ಇಲ್ಲ. ನಿರ್ಮೂಲನವೆಂಬ ಶಬ್ದವು ಇಂದಿಗೂ ಸಲ್ಲುವುದು ಸೂಜಿಯ ವಿಧಾನಕ್ಕೆ ಮಾತ್ರ.

ಈ ಅರ್ಥಕ್ಕೆ ನಮ್ಮ ಶಾಸ್ತ್ರದಲ್ಲಿ ಸಿದ್ಧವಾದ ಪರಿಭಾಷೆಯುಂಟು. ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಭಾಗಿಸುತ್ತಾರೆ. ಚಿಕಿತ್ಸೆಯು ನಡೆಯುತ್ತಿರುವವರೆಗೆ ಹತೋಟಿಯಲ್ಲಿದ್ದು, ಬಿಟ್ಟರೆ ಮರಳುವುದು ಯಾಪ್ಯ. ಬೀಳುವ ಮನೆಗೆ ಕೊಟ್ಟ ಊರೆಗಂಬದಂತೆ ಅಲ್ಲಿ ಚಿಕಿತ್ಸೆಯೆಂದು ಸುಶ್ರುತನು ದೃಷ್ಟಾಂತವನ್ನು ಹೇಳಿದ್ದಾನೆ. ಅಷ್ಟೆಲ್ಲ ಶಸ್ತ್ರಾಗ್ನಿಕ್ಷಾರಗಳನ್ನು ವಿಧಿಸಿಯೂ ಆತನು ಪಕ್ಷ್ಮಕೋಪವನ್ನು ಯಾಪ್ಯಗಳಲ್ಲಿಯೇ ಎಣಿಸಿದನು. ತನ್ನ ವಿಧಾನದ ಮಿತಿಯನ್ನು ಹೆಸರಿನಲ್ಲಿಯೇ ಹೇಳಿಬಿಡುವ ಈ ಪ್ರಾಮಾಣಿಕತೆಯು ಅನುಕರಣೀಯ. ಆ ಪರಿಭಾಷೆಯಿಂದ ಹೇಳುವುದಾದರೆ, ಕತ್ತಿ ಲೇಪಗಳಿಂದ ಆಗುವುದು ಶಾತನ. ಲೋಚದಿಂದ ಆಗುವುದು ಉತ್ಪಾಟನ. ಲೇಸರಿನಿಂದ ಆಗುವುದು ದೀರ್ಘಕಾಲದ ಯಾಪನ. ಆಶ್ರಯವನ್ನು ಮುಟ್ಟಿದ ಸೂಜಿಯಿಂದ ಆಗುವುದು ಒಂದೊಂದು ರೋಮದ ಮಟ್ಟಿಗೆ ಮೂಲನಾಶ.

ಆದುದರಿಂದ ಇಂಥ ಚಿಕಿತ್ಸೆಗಳನ್ನು ಹೋಲಿಸುವವರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಚಿಕಿತ್ಸೆಯು ರೋಮವನ್ನು ಮುಟ್ಟುತ್ತದೆಯೋ, ಅದರ ಆಶ್ರಯವನ್ನೋ? ಫಲವನ್ನು ಎಷ್ಟು ಕಾಲ ನೋಡಿ ‘ಶಾಶ್ವತ’ವೆಂಬ ಮಾತನ್ನು ಆಡಿದ್ದಾರೆ? ಆಶ್ರಯವನ್ನು ಸುಡುವಾಗ ಸುತ್ತಣ ಚರ್ಮಕ್ಕೂ ದೇಹಕ್ಕೂ ಏನಾಗುತ್ತದೆ? ‘ಟ್ರೈಕೊ’ ಯಂತ್ರದ ಮುಂದೆ ಕುಳಿತ ಸ್ತ್ರೀಯರಿಗೆ ಮೊದಲನೆಯ ಪ್ರಶ್ನೆಯ ಉತ್ತರ ಮಾತ್ರ ದೊರೆತಿತ್ತು. ಉಳಿದೆರಡರ ಉತ್ತರವನ್ನು ಅವರ ಶರೀರಗಳು ಬಹುಕಾಲದ ಅನಂತರ ಕೊಟ್ಟುವು. ಹರಿತಾಳವನ್ನು ಔಷಧದಲ್ಲಿಯೂ ವಿಷದಲ್ಲಿಯೂ ಎಣಿಸಿದ ಗ್ರಂಥವನ್ನು ಪಾಠ ಹೇಳುವವರು ವಿದ್ಯಾರ್ಥಿಗಳಿಗೆ ಆ ಎರಡು ಸ್ಥಳಗಳನ್ನೂ ಕೂಡಿಸಿಯೇ ತೋರಿಸುವುದು ಲೇಸು.